ಬೆಟ್ಟದ ಬುಡದ ಅಗ್ಗದ ಸೂರು

ಸಹ್ಯಾದ್ರಿಗೆ ಚಾರಣ ಹೊರಟವರ ಖರ್ಚಿನ ಚೀಟಿ ಬಿಡಿಸಿ ನೋಡಿದರೆ ಅದರಲ್ಲಿ ಬೆಟ್ಟದ ಪಾಲು ತೀರಾ ಸಣ್ಣದು. ಅರಣ್ಯ ಇಲಾಖೆಯ ಶುಲ್ಕ ಕೆಲವು ನೂರು ರೂಪಾಯಿಗಳಲ್ಲಿ ಮುಗಿಯುತ್ತದೆ, ಒಮ್ಮೆ ಕೊಂಡ ಬೂಟು ಹಲವು ವರ್ಷ ಬಾಳುತ್ತದೆ, ಬಸ್ಸಿನ ದರ ಬಡವ ಬಲ್ಲಿದರಿಗೆಲ್ಲ ಒಂದೇ. ಕೈ ಸುಡುವುದು ಹತ್ತುವ ಮುನ್ನಾ ರಾತ್ರಿ ಬೆನ್ನು ಚಾಚಲು ಬೇಕಾದ ಜಾಗ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕುಳಿತು ಫೋನಿನಲ್ಲಿ ಚಿಕ್ಕಮಗಳೂರು, ಮಡಿಕೇರಿ ಎಂದು ಹುಡುಕಿದರೆ ಮೊದಲು ಬರುವುದು ಈಜುಕೊಳವಿರುವ ರೆಸಾರ್ಟು, ಆಮೇಲೆ ಗಾಜಿನ ಗೋಡೆಯ ಕಾಟೇಜು. ದರ ನೋಡಿ ಬೆಚ್ಚಿದವರು ಯೋಜನೆಯನ್ನೇ ಕೈಬಿಡುತ್ತಾರೆ, ಇಲ್ಲವೇ ದೂರದ ಪೇಟೆಯ ಲಾಡ್ಜೊಂದನ್ನು ಹಿಡಿದು ಬೆಳಗಿನ ಜಾವ ಟ್ಯಾಕ್ಸಿಗೆ ದುಡ್ಡು ಸುರಿಯುತ್ತಾರೆ. ಮಲೆನಾಡಿನಲ್ಲಿ ಅಗ್ಗದ ವಸತಿಗೆ ಬರವಿಲ್ಲ. ಅದು ಇರುವಲ್ಲಿ ನಾವು ಹುಡುಕುತ್ತಿಲ್ಲ, ಅಷ್ಟೆ. ಬೆಟ್ಟದ ಬುಡದಲ್ಲಿ ನಿಜಕ್ಕೂ ಕಡಿಮೆ ಬೆಲೆಗೆ ಸಿಗುವುದು ಚಾರಣಿಗರಿಗೆಂದು ಕಟ್ಟದ ಸೂರು. ಬೇರೆ ಯಾವುದೋ ಉದ್ದೇಶಕ್ಕೆ, ಬೇರೆ ಯಾರದೋ ಹಣದಲ್ಲಿ ಎದ್ದು ನಿಂತು, ಆ ರಾತ್ರಿಯ ಮಟ್ಟಿಗೆ ಖಾಲಿ ಇರುವ ಸೂರು. ರೈತರ ಮನೆ, ದೇವಸ್ಥಾನದ ಛತ್ರ, ಲೋಕೋಪಯೋಗಿ ಇಲಾಖೆಯ ಪ್ರವಾಸಿ ಮಂದಿರ ಇವೆಲ್ಲ ಆ ಸಾಲಿಗೆ ಸೇರಿದವು.

ಇದಕ್ಕೆ ಕಾರಣ ಲೆಕ್ಕದಲ್ಲೇ ಇದೆ. ಪಶ್ಚಿಮ ಘಟ್ಟದ ಚಾರಣದ ಹಂಗಾಮು ಬಹಳ ಚಿಕ್ಕದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಜಿಗಣೆ, ಉಕ್ಕುವ ಹಳ್ಳ. ಫೆಬ್ರವರಿ ಬಂತೆಂದರೆ ಹುಲ್ಲುಗಾವಲು ಒಣಗಿ ಕಾಳ್ಗಿಚ್ಚಿನ ಭಯ. ಆಗ ಇಲಾಖೆಯೇ ದಾರಿ ಮುಚ್ಚುವುದುಂಟು. ಉಳಿಯುವುದು ಅಕ್ಟೋಬರ್‌ನಿಂದ ಜನವರಿ, ಅದರಲ್ಲೂ ಜನ ಬರುವುದು ಶನಿವಾರ ಭಾನುವಾರ. ನಾಲ್ಕು ತಿಂಗಳಿಗೆ ಹದಿನೇಳು ವಾರಾಂತ್ಯ, ಅಂದರೆ ಮೂವತ್ತೈದರ ಆಸುಪಾಸಿನ ರಾತ್ರಿಗಳು. ಚಾರಣಿಗರನ್ನೇ ನೆಚ್ಚಿ ಸಾಲ ಮಾಡಿ ಕಟ್ಟಡ ಎಬ್ಬಿಸಿದವನು ವರ್ಷಪೂರ್ತಿಯ ಬಡ್ಡಿ, ಸಂಬಳ, ವಿದ್ಯುತ್ತು, ಸುಣ್ಣಬಣ್ಣ ಎಲ್ಲವನ್ನೂ ಆ ಕೆಲವೇ ರಾತ್ರಿಗಳಿಂದ ದುಡಿಯಬೇಕು. ಅವನು ದುಬಾರಿಯಾಗದೆ ವಿಧಿಯಿಲ್ಲ. ಅದನ್ನು ದುರಾಸೆ ಎನ್ನುವುದು ತಪ್ಪು. ಅಡಿಕೆ ಕಾಫಿ ಬೆಳೆಯುವ ಮನೆಯ ಸಂಗತಿ ಬೇರೆ. ಅಲ್ಲಿ ಮಾಡು ಹೊದಿಸಿದ್ದು ತೋಟದ ದುಡ್ಡು. ಒಲೆ ಹೇಗೂ ಉರಿಯುತ್ತದೆ, ಬಚ್ಚಲ ಹಂಡೆಗೆ ಹೇಗೂ ಬೆಂಕಿ ಬೀಳುತ್ತದೆ. ನಾಲ್ಕು ಮಂದಿ ಹೆಚ್ಚಿಗೆ ಬಂದರೆ ಮನೆಯವರಿಗೆ ತಗಲುವುದು ಎರಡು ಸೇರು ಅಕ್ಕಿ, ಒಂದಿಷ್ಟು ಸೌದೆ, ಒಬ್ಬರ ದುಡಿಮೆ. ಅಲ್ಲಿಂದ ಮೇಲೆ ಬಂದದ್ದೆಲ್ಲ ಆದಾಯ. ಅತಿಥಿ ಬಾರದಿದ್ದರೆ ನಷ್ಟವೂ ಇಲ್ಲ.

ಬೇರೆ ದೇಶಗಳಲ್ಲೂ ಅಗ್ಗದ ಚಾರಣ ವಸತಿ ಹೀಗೆ ಬೆಳೆದದ್ದುಂಟು. 1909ರ ಆಗಸ್ಟ್‌ನಲ್ಲಿ ರಿಚರ್ಡ್ ಶಿರ್‌ಮನ್ ಎಂಬ ಜರ್ಮನ್ ಶಾಲಾ ಮೇಷ್ಟ್ರು ಮಕ್ಕಳನ್ನು ಕಾಲ್ನಡಿಗೆಯಲ್ಲಿ ಕರೆದುಕೊಂಡು ಹೋಗುವಾಗ ಗುಡುಗು ಮಳೆಗೆ ಸಿಕ್ಕಿ ಹಳ್ಳಿಯ ಶಾಲೆಯೊಂದರಲ್ಲಿ ಹುಲ್ಲು ಹಾಸಿ ರಾತ್ರಿ ಕಳೆದರು. ರಜೆಯಲ್ಲಿ ಊರೂರಿನ ಶಾಲೆಗಳು ಖಾಲಿ ಬಿದ್ದಿರುತ್ತವೆ, ಅವನ್ನೇ ನಡೆಯುವ ಮಕ್ಕಳಿಗೆ ತಂಗುದಾಣ ಮಾಡಬಾರದೇಕೆ ಎಂದು ಅವರಿಗೆ ಹೊಳೆದದ್ದು ಅಂದು. 1912ರಲ್ಲಿ ಆಲ್ಟೆನಾದ ಹಳೆಯ ಕೋಟೆಯಲ್ಲಿ ಜಗತ್ತಿನ ಮೊದಲ ಯೂತ್ ಹಾಸ್ಟೆಲ್ ತೆರೆಯಿತು. ಶಾಲೆಯಾಗಲಿ ಕೋಟೆಯಾಗಲಿ ಚಾರಣಿಗರಿಗೆಂದು ಕಟ್ಟಿದ್ದಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಮುಂದೆ ಅದು ದೊಡ್ಡ ಚಳವಳಿಯಾಗಿ ನಮ್ಮ ದೇಶಕ್ಕೂ ಬಂತು. ಇಲ್ಲಿನ ಯೂತ್ ಹಾಸ್ಟೆಲ್ ಸಂಘವಾದ ವೈಎಚ್‌ಎಐ ನಡೆಸುವ ಹಿಮಾಲಯ ಚಾರಣಗಳಿಗೆ ಇಂದಿಗೂ ಕರ್ನಾಟಕದಿಂದ ವಿದ್ಯಾರ್ಥಿಗಳು, ಮೇಷ್ಟ್ರುಗಳು, ನಿವೃತ್ತರು ಹೋಗುವುದು ಅಲ್ಲಿನ ಖರ್ಚು ಕೈಗೆಟುಕುವಷ್ಟಿರುವುದರಿಂದ.

ಹಿಮಾಲಯದಲ್ಲೇ ಇದಕ್ಕಿಂತ ಚೆನ್ನಾದ ನಿದರ್ಶನವಿದೆ. ಉತ್ತರಾಖಂಡದ ಹೂಗಳ ಕಣಿವೆಗೆ ಹೋಗುವವರು ಆ ರಾಷ್ಟ್ರೀಯ ಉದ್ಯಾನದೊಳಗೆ ರಾತ್ರಿ ತಂಗುವಂತಿಲ್ಲ. ಸಂಜೆಯೊಳಗೆ ಇಳಿದು ಘಾಂಘರಿಯಾ ಸೇರಬೇಕು. ಮೂರು ಸಾವಿರ ಮೀಟರ್ ಎತ್ತರದ ಆ ಪುಟ್ಟ ಜಾಗಕ್ಕೆ ವಾಹನ ಹೋಗುವುದಿಲ್ಲ, ಅಕ್ಕಿ ಬೇಳೆಯೆಲ್ಲ ಹೇಸರಗತ್ತೆಯ ಬೆನ್ನ ಮೇಲೆ ಏರಬೇಕು. ಇಂಥಲ್ಲಿ ವಸತಿ ಬಲು ದುಬಾರಿಯಾಗಬೇಕಿತ್ತು. ಆದರೆ ಹೇಮಕುಂಡ ಸಾಹಿಬ್‌ಗೆ ಹೋಗುವ ಸಿಖ್ ಯಾತ್ರಿಕರಿಗಾಗಿ ಗುರುದ್ವಾರವೊಂದು ಅಲ್ಲಿದೆ. ಕೆಳಗೆ ಗೋವಿಂದಘಾಟ್‌ನಲ್ಲೂ ಇದೆ. ಜಾತಿ ಮತ ಕೇಳದೆ ಮಲಗಲು ಜಾಗ, ಹೊದೆಯಲು ಕಂಬಳಿ, ಲಂಗರಿನ ಊಟ ಕೊಡುತ್ತಾರೆ, ದರ ನಿಗದಿ ಮಾಡುವುದಿಲ್ಲ. ಕೊಡುವವರು ಹುಂಡಿಗೆ ಹಾಕಬಹುದು. ಖಾಸಗಿ ಹೋಟೆಲುಗಳೂ ಪಕ್ಕದಲ್ಲೇ ಇವೆ. ಎದುರಿಗೇ ಉಚಿತ ಸೂರು ಇರುವಾಗ ಅವು ಬಾಯಿಗೆ ಬಂದ ದರ ಹೇಳುವುದು ಕಷ್ಟ. ನೇಪಾಳದ ಅನ್ನಪೂರ್ಣ ಸೀಮೆಯ ಟೀ ಹೌಸ್‌ಗಳಲ್ಲಿ ಲೆಕ್ಕ ಬೇರೆ ಬಗೆಯದು. ಅಲ್ಲಿ ಕೋಣೆಗೆ ಹೆಸರಿಗಷ್ಟೇ ಬಾಡಿಗೆ, ಆದರೆ ರಾತ್ರಿಯ ಮತ್ತು ಬೆಳಗಿನ ಊಟ ಆ ಮನೆಯಲ್ಲೇ ಮಾಡಬೇಕೆಂಬ ಷರತ್ತು. ಅವರ ಗಳಿಕೆ ಅಡುಗೆಮನೆಯಲ್ಲಿ. ಅದನ್ನರಿಯದೆ ಚೀಲದ ತುಂಬ ಬ್ರೆಡ್ಡು, ನೂಡಲ್ಸು ಹೊತ್ತು ಹೋಗಿ ಕೋಣೆ ಮಾತ್ರ ಕೇಳುವವರು ಮನೆಯೊಡತಿಯ ಸಿಡುಕು ಮುಖ ನೋಡಬೇಕಾಗುತ್ತದೆ, ಅದು ನ್ಯಾಯವೂ ಹೌದು.

ನಮ್ಮ ಘಟ್ಟದ ಮೇಲೆ ಇಂಥ ಟೀ ಹೌಸ್‌ಗಳು ಏಕಿಲ್ಲ ಎಂಬ ಪ್ರಶ್ನೆ ಆಗಾಗ ಏಳುತ್ತದೆ. ಆಲ್ಪ್ಸ್‌ನಲ್ಲಿ ಪರ್ವತಾರೋಹಿ ಸಂಘಗಳು ಹತ್ತೊಂಬತ್ತನೇ ಶತಮಾನದಿಂದಲೇ ಬೆಟ್ಟದ ಮೇಲೆ ಗುಡಿಸಲು ಕಟ್ಟುತ್ತ ಬಂದಿವೆ; ನಾರ್ವೆಯಲ್ಲಿ 1868ರಲ್ಲಿ ಹುಟ್ಟಿದ ಚಾರಣ ಸಂಘದ ಎಷ್ಟೋ ಮನೆಗಳಲ್ಲಿ ನೋಡಿಕೊಳ್ಳುವವರೇ ಇರುವುದಿಲ್ಲ, ಸದಸ್ಯರು ಬೀಗ ತೆಗೆದು ಮಲಗಿ, ಉಗ್ರಾಣದಿಂದ ತೆಗೆದುಕೊಂಡದ್ದಕ್ಕೆ ತಾವೇ ಲೆಕ್ಕ ಬರೆದು ಹಣ ಕಟ್ಟುತ್ತಾರೆ. ಅವುಗಳಲ್ಲಿ ಎಷ್ಟೋ ದನ ಕುರಿ ಮೇಯಿಸುವ ಬೆಟ್ಟಗಳು. ನಮ್ಮ ಶಿಖರಗಳಲ್ಲಿ ಬಹುಪಾಲು ವನ್ಯಜೀವಿಧಾಮ ಇಲ್ಲವೇ ರಾಷ್ಟ್ರೀಯ ಉದ್ಯಾನದೊಳಗಿವೆ. ಕುಮಾರ ಪರ್ವತ ಪುಷ್ಪಗಿರಿ ವನ್ಯಧಾಮದಲ್ಲಿದೆ, ಕುದುರೆಮುಖ ಅದೇ ಹೆಸರಿನ ಉದ್ಯಾನದಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಳಗೆ ಕಾಲಿಡಲಿಕ್ಕೇ ಪರವಾನಗಿ ಬೇಕು, ಮನೆ ಕಟ್ಟುವ ಮಾತೆಲ್ಲಿ? ಮೇಲಾಗಿ ನಮ್ಮವು ಒಂದು ಹಗಲಿನಲ್ಲಿ ಹತ್ತಿಳಿಯಬಹುದಾದ ಬೆಟ್ಟಗಳು. ಹಾಗಾಗಿ ನಮ್ಮ ಚಾರಣಿಗರ ವಸತಿ ಬಹುಮಟ್ಟಿಗೆ ಬುಡದ ಹಳ್ಳಿಯದೇ, ಬೇಕಿರುವುದು ಸಾಮಾನ್ಯವಾಗಿ ಒಂದೇ ರಾತ್ರಿಗೆ. ಇದು ನಮ್ಮ ಅದೃಷ್ಟವೆಂದೇ ನನ್ನ ಎಣಿಕೆ. ಕಾಡಿನೊಳಗೆ ಕಟ್ಟಡ ಏಳುವುದಿಲ್ಲ, ಅಂಚಿನ ಮನೆಗಳಿಗೆ ನಾಲ್ಕು ಕಾಸು ಸೇರುತ್ತದೆ.

ಕುಮಾರ ಪರ್ವತವನ್ನೇ ತೆಗೆದುಕೊಳ್ಳಿ. ಎತ್ತರ 1712 ಮೀಟರ್. ಕುಕ್ಕೆ ಸುಬ್ರಹ್ಮಣ್ಯದಿಂದ ಹೊರಟರೆ ಒಂದು ಬದಿಗೇ ಹದಿಮೂರು ಕಿಲೋಮೀಟರ್‌ಗಳ ಆಸುಪಾಸು, ಏರು ಒಂದೂವರೆ ಸಾವಿರ ಮೀಟರಿಗೂ ಹೆಚ್ಚು. ಸೋಮವಾರಪೇಟೆಯ ಕಡೆಯ ಬೀದಳ್ಳಿಯಿಂದ ದಾರಿ ಅದರ ಅರ್ಧದಷ್ಟು. ಕುಕ್ಕೆಯ ಬದಿಯಲ್ಲಿ ಗಿರಿಗದ್ದೆಯ ಭಟ್ಟರ ಮನೆ ದಶಕಗಳಿಂದ ಚಾರಣಿಗರಿಗೆ ಅನ್ನ, ಸಾರು, ಮಜ್ಜಿಗೆ ಬಡಿಸಿ, ಜಗಲಿಯಲ್ಲಿ ಜಾಗ ಕೊಟ್ಟು ಹೆಸರಾದದ್ದು. ರಸ್ತೆಯಿಲ್ಲದ ಕಾಡಿನ ನಡುವೆ ತೋಟ ಮಾಡಿಕೊಂಡಿದ್ದ ಸಂಸಾರವೊಂದು ದಾರಿಹೋಕರಿಗೆ ಊಟ ಹಾಕುತ್ತ ಹಾಕುತ್ತ ರಾಜ್ಯದ ಅತಿ ಪ್ರಸಿದ್ಧ ಚಾರಣ ವಸತಿಯಾಯಿತೇ ಹೊರತು, ಯಾರೂ ಬಂಡವಾಳ ಹೂಡಿ ಅದನ್ನು ಕಟ್ಟಲಿಲ್ಲ. ಕೆಳಗೆ ಕುಕ್ಕೆಯಲ್ಲಿ ದೇವಸ್ಥಾನದ ವಸತಿಗೃಹಗಳಿವೆ, ಬಂದವರಿಗೆಲ್ಲ ಪ್ರಸಾದದ ಊಟವಿದೆ. ಮುಜರಾಯಿ ದೇವಸ್ಥಾನಗಳಲ್ಲಿ ಅತಿ ಹೆಚ್ಚು ಆದಾಯದ್ದೆಂದು ಹೆಸರಾದ ಕ್ಷೇತ್ರ ಅದು. ಕೋಣೆಯ ವೆಚ್ಚದ ಬಹುಪಾಲನ್ನು ಭಕ್ತರ ಕಾಣಿಕೆ ಆಗಲೇ ತೂಗಿಸಿರುತ್ತದೆ. ಆದರೆ ಆ ಊರಿನ ಹಾಸಿಗೆಗಳು ನಡೆಯುವುದು ಪಂಚಾಂಗದ ಪ್ರಕಾರ, ಚಾರಣದ ಹಂಗಾಮಿನ ಪ್ರಕಾರವಲ್ಲ. ಸರ್ಪಸಂಸ್ಕಾರ ಎರಡು ದಿನದ ವಿಧಿಯಾದ್ದರಿಂದ ಮಾಡಿಸುವವರು ಕುಟುಂಬ ಸಮೇತ ತಂಗುತ್ತಾರೆ. ಆಶ್ಲೇಷಾ ನಕ್ಷತ್ರದ ದಿನ ಕಾಲಿಡಲು ಜಾಗವಿರುವುದಿಲ್ಲ. ಮಾರ್ಗಶಿರದ ಚಂಪಾಷಷ್ಠಿ ಬೀಳುವುದು ನವೆಂಬರ್ ಕೊನೆಯಲ್ಲೋ ಡಿಸೆಂಬರಿನಲ್ಲೋ, ಚಾರಣಕ್ಕೆ ಹವೆ ಅತ್ಯುತ್ತಮವಾಗಿರುವ ಹೊತ್ತಿಗೇ. ಅಂದು ಲಾಡ್ಜುಗಳ ದರ ಗಗನಕ್ಕೇರಿರುತ್ತದೆ. ಹೊರಡುವ ದಿನ ಗೊತ್ತುಮಾಡುವಾಗ ಹವಾಮಾನ ವರದಿಯ ಜೊತೆ ಒಂದು ಪಂಚಾಂಗವನ್ನೂ ಮುಂದಿಟ್ಟುಕೊಂಡರೆ ನೂರಾರು ರೂಪಾಯಿ ಉಳಿಯುತ್ತದೆ. ಅಂಥ ದಿನಗಳಲ್ಲಿ ಬೀದಳ್ಳಿಯ ಕಡೆಯಿಂದ ಹತ್ತುವುದೇ ಲೇಸು, ಅಲ್ಲಿನ ಮನೆಗಳಿಗೆ ಷಷ್ಠಿಯ ಒತ್ತಡ ತಟ್ಟುವುದಿಲ್ಲ.

ಛತ್ರ ಬೆಟ್ಟಕ್ಕೆ ಇಷ್ಟು ಹತ್ತಿರ ಇರುವುದು ಕುಕ್ಕೆಯಲ್ಲಿ ಮಾತ್ರವಲ್ಲ. ಕುದುರೆಮುಖ, ನೇತ್ರಾವತಿ ಶಿಖರಗಳಿಗೆ ಹೋಗುವವರು ಕಳಸದ ಮೇಲೆಯೇ ಹಾದುಹೋಗುತ್ತಾರೆ; ಅಲ್ಲಿಂದ ಅನ್ನಪೂರ್ಣೇಶ್ವರಿಯ ಹೊರನಾಡು ಹತ್ತು ಕಿಲೋಮೀಟರ್ ಒಳಗೆ. ಅಲ್ಲಿ ಹಸಿದು ಬಂದವರು ಹಾಗೇ ಮರಳುವುದಿಲ್ಲ, ತಂಗಲು ದೇವಸ್ಥಾನದ ಕೋಣೆಗಳೂ ಇವೆ. ಶೃಂಗೇರಿಯ ಮಠದ ಯಾತ್ರಿನಿವಾಸದಲ್ಲಿ ತಂಗಿದರೆ ಕಿಗ್ಗದಿಂದ ನರಸಿಂಹ ಪರ್ವತ ಹತ್ತಬಹುದು. ಕೊಲ್ಲೂರು ಕೊಡಚಾದ್ರಿಗೆ ಹೆಬ್ಬಾಗಿಲು. 1343 ಮೀಟರ್ ಎತ್ತರದ ಕೊಡಚಾದ್ರಿಯಂತೂ ಈ ವಾದಕ್ಕೆ ಎಲ್ಲ ರೀತಿಯಲ್ಲೂ ಪುಷ್ಟಿ ಕೊಡುವ ಬೆಟ್ಟ: ಮೂಲ ಮೂಕಾಂಬಿಕೆಯ ಗುಡಿಯ ಬಳಿ ಅರ್ಚಕರ ಮನೆ, ಅಲ್ಲೇ ಸಮೀಪ ಲೋಕೋಪಯೋಗಿ ಇಲಾಖೆಯ ಹಳೆಯ ಪ್ರವಾಸಿ ಮಂದಿರ. ಒಂದು ಪೂಜೆಗಾಗಿ, ಇನ್ನೊಂದು ಸರ್ಕಾರಿ ಅಧಿಕಾರಿಗಳ ತಪಾಸಣೆಗಾಗಿ ಹುಟ್ಟಿದ್ದು. ಇಂಥ ಪ್ರವಾಸಿ ಮಂದಿರಗಳು ಮಲೆನಾಡಿನ ಬಹುತೇಕ ತಾಲ್ಲೂಕು ಕೇಂದ್ರಗಳಲ್ಲಿವೆ. ಅಧಿಕಾರಿಗಳು ಬಾರದ ದಿನ ಇಲಾಖೆಯ ಅನುಮತಿ ಪಡೆದು ಸಾರ್ವಜನಿಕರೂ ತಂಗಬಹುದು, ಬಾಡಿಗೆ ಪೇಟೆಯ ಲಾಡ್ಜಿಗಿಂತ ಕಡಿಮೆ. ಒಂದೇ ತೊಡಕೆಂದರೆ ಸಚಿವರ ಪ್ರವಾಸ ನಿಗದಿಯಾದರೆ ನಿಮ್ಮ ಕೋಣೆ ಹೋದಂತೆ. ಹಾಗಾಗಿ ಬದಲಿ ವ್ಯವಸ್ಥೆ ಇಟ್ಟುಕೊಂಡೇ ಇದನ್ನು ನಂಬಬೇಕು.

ಬಾಡಿಗೆಯನ್ನಷ್ಟೇ ನೋಡಿ ಅಗ್ಗ, ದುಬಾರಿ ಎನ್ನುವುದು ಚಾರಣಿಗರು ಮತ್ತೆ ಮತ್ತೆ ಬೀಳುವ ಹಳ್ಳ. ಕುದುರೆಮುಖದ ಹಾದಿ ಮುಳ್ಳೋಡಿಯಿಂದ ಶುರು. ಹತ್ತಿಳಿದು ಬರಲು ಇಪ್ಪತ್ತು ಕಿಲೋಮೀಟರಿಗೂ ಮೇಲೆ ನಡೆಯಬೇಕು, ಸಂಜೆಯೊಳಗೆ ಹೊರಬರಬೇಕು, ಆದ್ದರಿಂದ ಬೆಳಕು ಹರಿಯುವಾಗಲೇ ತಪಾಸಣಾ ಠಾಣೆಯಲ್ಲಿರಬೇಕು. ಮುಖ್ಯ ರಸ್ತೆಯ ಬಾಳೆಗಲ್ಲಿನಿಂದ ಮುಳ್ಳೋಡಿಗೆ ಹೋಗುವ ದಾರಿ ಜೀಪಿಗೇ ಸರಿ. ಈಗ ಎರಡು ಬಗೆಯ ಯೋಜನೆಯನ್ನು ಊಹೆಯ ಅಂಕಿಗಳಲ್ಲಿ ತೂಗಿ ನೋಡೋಣ. ಇಬ್ಬರು ಗೆಳೆಯರು ಚಿಕ್ಕಮಗಳೂರಿನಲ್ಲಿ ಸಾವಿರ ರೂಪಾಯಿಯ ಕೋಣೆ ಹಿಡಿದರು ಎನ್ನೋಣ, ತಲೆಗೆ ಐನೂರು. ಅಲ್ಲಿಂದ ಕಳಸವೇ ಸುಮಾರು 90 ಕಿಲೋಮೀಟರ್, ಅದೂ ತಿರುವುಗಳ ರಸ್ತೆ. ನಡುರಾತ್ರಿ ಮೂರಕ್ಕೆ ಹೊರಡುವ ಟ್ಯಾಕ್ಸಿಗೆ ಹೋಗಿ ಬರಲು ನಾಲ್ಕು ಸಾವಿರವೆಂದರೂ ತಲೆಗೆ ಎರಡು ಸಾವಿರ. ಮೂರು ಹೊತ್ತಿನ ಹೋಟೆಲ್ ಊಟ ತಲೆಗೆ ನಾನೂರು. ಜೀಪು ಬೇರೆ. ಮೂರು ಸಾವಿರ ಆಗಿಹೋಯಿತು. ಅದೇ ಇಬ್ಬರು ಹಗಲು ಬಸ್ಸಿನಲ್ಲಿ ಕಳಸಕ್ಕೆ ಬಂದು ಸಂಸೆಯಲ್ಲೋ ಮುಳ್ಳೋಡಿಯಲ್ಲೋ ಊಟ ತಿಂಡಿ ಸೇರಿ ತಲೆಗೆ ಸಾವಿರದ ಐನೂರು ಕೇಳುವ ಮನೆಯಲ್ಲಿ ಉಳಿದರೆ, ಬಸ್ಸು ಜೀಪುಗಳಿಗೆ ಇನ್ನೊಂದು ಐನೂರು ಸೇರಿಸಿದರೂ ಎರಡು ಸಾವಿರಕ್ಕೆ ನಿಲ್ಲುತ್ತದೆ. ಬಾಡಿಗೆ ಮೂರು ಪಟ್ಟು ಹೆಚ್ಚು ಕೊಟ್ಟವರ ಒಟ್ಟು ಖರ್ಚು ಮೂರನೇ ಒಂದರಷ್ಟು ಕಡಿಮೆ, ಮೇಲಾಗಿ ಅವರು ಐದು ಗಂಟೆಯವರೆಗೆ ನಿದ್ದೆ ಮಾಡಿರುತ್ತಾರೆ. 2023ರ ಜೂನ್‌ನಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ಇಲ್ಲವಾದ್ದರಿಂದ ಹೆಣ್ಣುಮಕ್ಕಳ ತಂಡಕ್ಕಂತೂ ಈ ಲೆಕ್ಕ ಇನ್ನೂ ಹಗುರ. ಮಲೆನಾಡಿನ ಒಳದಾರಿಗಳಲ್ಲಿ ಖಾಸಗಿ ಬಸ್ಸುಗಳದೇ ಕಾರುಬಾರು ಎಂಬುದನ್ನು ಮಾತ್ರ ಮರೆಯಬಾರದು.

ತಲೆಗೆ ಸಾವಿರದ ಐನೂರು ಅಗ್ಗ ಹೇಗಾದೀತು, ಹೋಂಸ್ಟೇಗಳೇ ಈಗ ರೆಸಾರ್ಟುಗಳಾಗಿವೆಯಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. 2001ರ ಸುಮಾರಿಗೆ ಜಾಗತಿಕ ಕಾಫಿ ಬೆಲೆ ಮೂರು ದಶಕಗಳ ತಳ ಕಂಡಾಗ ಕೊಡಗು ಚಿಕ್ಕಮಗಳೂರಿನ ಬೆಳೆಗಾರರು ಮನೆಯ ಒಂದೆರಡು ಕೋಣೆಗಳನ್ನು ಅತಿಥಿಗಳಿಗೆ ತೆರೆದರು. ಮನೆ ಇತ್ತು, ಪಂದಿಕರಿ ಕಡುಬು ಮಾಡುವ ಕೈ ಇತ್ತು, ಬೇಕಿದ್ದದ್ದು ನಗದು. ಆ ಹೋಂಸ್ಟೇ ನನ್ನ ವಾದದ ಹೋಂಸ್ಟೇ. ಅದು ಗೆದ್ದದ್ದನ್ನು ನೋಡಿ ಹೊರಗಿನ ಹಣ ಬಂತು, ತೋಟದ ನಡುವೆ ಹತ್ತಾರು ಕೋಣೆಗಳ ಕಟ್ಟಡ ಎದ್ದಿತು, ಬೋರ್ಡು ಮಾತ್ರ ಹೋಂಸ್ಟೇ ಎಂದೇ ಉಳಿಯಿತು. ಕೇಂದ್ರದ ಮಾರ್ಗಸೂಚಿಯಲ್ಲಿ ಹೋಂಸ್ಟೇ ಎಂದರೆ ಹೆಚ್ಚೆಂದರೆ ಆರು ಕೋಣೆ, ಮಾಲೀಕರ ಸಂಸಾರ ಅಲ್ಲೇ ವಾಸವಿರಬೇಕು. ಫೋನಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದರಲ್ಲೇ ಇದೆ: ಮನೆಯವರು ಅಲ್ಲೇ ಇರುತ್ತಾರೆಯೇ, ನಮಗೆ ಬಡಿಸುವ ಅಡುಗೆ ಅವರ ಮನೆಯ ಅಡುಗೆಯೇ? ಹೌದೆಂದರೆ ದರ ಮಾತನಾಡಲು ಅವಕಾಶವಿದೆ, ಮಂಗಳವಾರ ಬುಧವಾರವಾದರೆ ಇನ್ನೂ ಇಳಿಯುತ್ತದೆ. ಮ್ಯಾನೇಜರನ್ನು ಕೇಳಿ ಹೇಳುತ್ತೇವೆ ಎಂದರೆ ನೀವು ಮಾತಾಡುತ್ತಿರುವುದು ಬಂಡವಾಳದ ಜೊತೆ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯೇ ಎಂದೂ ಕೇಳಬೇಕು. ಹೆಣ್ಣುಮಕ್ಕಳಿರುವ ತಂಡ ಅಗತ್ಯವಾಗಿ ಕೇಳಬೇಕು. ಹಾಗೆಯೇ ಸಾಧ್ಯವಾದಲ್ಲೆಲ್ಲ ಮನೆಯವರನ್ನೇ ನೇರವಾಗಿ ಸಂಪರ್ಕಿಸುವುದು ಒಳ್ಳೆಯದು. ಬುಕಿಂಗ್ ಜಾಲತಾಣಗಳ ಕಮಿಷನ್ನು ಸಾಮಾನ್ಯವಾಗಿ ಬಾಡಿಗೆಯ ಶೇಕಡಾ 15ರಿಂದ 25ರಷ್ಟಿರುತ್ತದೆ, ಅದು ಕೊನೆಗೆ ನಿಮ್ಮ ಜೇಬಿನಿಂದಲೋ ಅವರ ಜೇಬಿನಿಂದಲೋ ಹೋಗಲೇಬೇಕು. ಪೇಟೆಯ ಜೀಪು ಚಾಲಕರು, ಬಸ್ ನಿಲ್ದಾಣದ ಹೋಟೆಲಿನವರು, ಠಾಣೆಯ ಅರಣ್ಯ ಕಾವಲುಗಾರರು ಕೊಡುವ ನಂಬರುಗಳು ಯಾವ ಜಾಲತಾಣದಲ್ಲೂ ಇರುವುದಿಲ್ಲ.

ತೆರಿಗೆಯೂ ಛತ್ರ, ಸಣ್ಣ ಮನೆಗಳ ಕಡೆಗೇ ಬೆರಳು ತೋರಿಸುತ್ತದೆ. ದಿನಕ್ಕೆ ಸಾವಿರ ರೂಪಾಯಿವರೆಗಿನ ಹೋಟೆಲ್ ಕೋಣೆಗೆ ಇದ್ದ ಜಿಎಸ್‌ಟಿ ವಿನಾಯಿತಿ 2022ರ ಜುಲೈಯಲ್ಲಿ ಹೋಯಿತು, ಶೇಕಡಾ 12 ಬಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಅದು 5ಕ್ಕೆ ಇಳಿಯಿತು. ಧಾರ್ಮಿಕ ಕ್ಷೇತ್ರದ ಆವರಣದಲ್ಲಿ ಅದರ ಟ್ರಸ್ಟುಗಳೇ ನಡೆಸುವ, ಸಾವಿರದೊಳಗಿನ ಕೋಣೆಗಳಿಗೆ ಮಾತ್ರ ವಿನಾಯಿತಿ ಮುಂದುವರಿಯಿತು. ವರ್ಷಕ್ಕೆ ಇಪ್ಪತ್ತು ಲಕ್ಷದೊಳಗೆ ವಹಿವಾಟಿರುವ ಸಣ್ಣ ಮನೆಗಳು ಸಾಮಾನ್ಯವಾಗಿ ಜಿಎಸ್‌ಟಿ ವ್ಯಾಪ್ತಿಗೆ ಬರುವುದೇ ಇಲ್ಲ.

ಟೆಂಟು ಇರುವಾಗ ಮನೆಯ ಹಂಗೇಕೆ ಎನ್ನುವವರಿದ್ದಾರೆ. ಸಂರಕ್ಷಿತ ಅರಣ್ಯದೊಳಗೆ ಹಾಗೆ ಬಿಡಾರ ಹೂಡುವುದು ಕಾನೂನುಬಾಹಿರ, ಸಿಕ್ಕಿಬಿದ್ದರೆ ದಂಡ ಹೋಂಸ್ಟೇಗಿಂತ ದುಬಾರಿ. ಕುಮಾರ ಪರ್ವತದ ಶೇಷಪರ್ವತದ ಕೆಳಗೆ ಹಿಂದೆಲ್ಲ ಡೇರೆ ಹಾಕುತ್ತಿದ್ದವರು ಬಿಟ್ಟುಹೋದ ಪ್ಲಾಸ್ಟಿಕ್ಕು, ಬೂದಿ ನೋಡಿದವರಿಗೆ ನಿಷೇಧ ಏಕೆ ಬಂತೆಂದು ವಿವರಿಸಬೇಕಿಲ್ಲ. ಇನ್ನು ರಾತ್ರಿ ಬಸ್ಸಿನಲ್ಲೇ ಮಲಗಿ, ಬೆಳಗ್ಗೆ ನೇರ ಬೆಟ್ಟ ಹತ್ತಿ, ಆ ರಾತ್ರಿಯೇ ಮರಳಿದರೆ ವಸತಿಯ ಖರ್ಚೇ ಇಲ್ಲ ಎಂಬುದು ನಮ್ಮ ಐಟಿ ಹುಡುಗರ ನೆಚ್ಚಿನ ಉಪಾಯ. ಜೇಬಿನ ಮಟ್ಟಿಗೆ ಇದು ಸರಿ, ಸಣ್ಣ ಬೆಟ್ಟಕ್ಕೆ ನಡೆಯುತ್ತದೆ. ಒಂದೂವರೆ ಸಾವಿರ ಮೀಟರಿನ ಏರಿಗೆ ನಡೆಯುವುದಿಲ್ಲ. ಘಾಟಿಯ ತಿರುವುಗಳಲ್ಲಿ ಕುಲುಕಾಡಿ ಎರಡು ತಾಸೂ ನಿದ್ದೆಯಾಗದ ಕಾಲುಗಳು ಇಳಿಜಾರಿನಲ್ಲಿ, ಮಧ್ಯಾಹ್ನದ ನಂತರ, ಕೈಕೊಡುತ್ತವೆ. ಒಂದು ರಾತ್ರಿಯ ಬಾಡಿಗೆ ಉಳಿಸಲು ಹೋಗಿ ಮಂಡಿಯ ಚಿಕಿತ್ಸೆಗೆ ಕಟ್ಟುವುದು ಯಾವ ಜಾಣತನ?

ಗಟ್ಟಿಯಾದ ಆಕ್ಷೇಪ ಬರುವುದು ವಾರಾಂತ್ಯದ ಪ್ಯಾಕೇಜ್ ಮಾರುವವರ ಕಡೆಯಿಂದ. ಬಸ್ಸು, ಪರವಾನಗಿ, ಮಾರ್ಗದರ್ಶಿ, ಊಟ, ವಸತಿ ಎಲ್ಲ ಸೇರಿ ಒಂದೇ ಮೊತ್ತ. ಒಬ್ಬರೇ ಹೋಗಿ ಮಾಡುವ ಖರ್ಚಿಗಿಂತ ಅದು ಹಲವು ಸಲ ಕಡಿಮೆಯೇ ಬೀಳುತ್ತದೆ. ಇದನ್ನು ಒಪ್ಪಲೇಬೇಕು. ಒಂಟಿ ಚಾರಣಿಗರಿಗೆ ಜೀಪಿನ ಪೂರ್ತಿ ಬಾಡಿಗೆ, ಮಾರ್ಗದರ್ಶಿಯ ಪೂರ್ತಿ ಸಂಬಳ ತಲೆಯ ಮೇಲೆ ಬೀಳುತ್ತದೆ; ಒಬ್ಬರೇ ಬಂದರೆ ಕೋಣೆ ಕೊಡದ ಛತ್ರಗಳೂ ಇವೆ. ಹೊಸಬರು, ಜೊತೆಗಾರರಿಲ್ಲದವರು ಪ್ಯಾಕೇಜಿನಲ್ಲಿ ಹೋಗುವುದರಲ್ಲಿ ತಪ್ಪೇನಿಲ್ಲ. ಆದರೆ ಆ ಅಗ್ಗ ಎಲ್ಲಿಂದ ಬರುತ್ತದೆಂದು ನೋಡಿ: ಒಂದು ಹಜಾರದಲ್ಲಿ ಇಪ್ಪತ್ತು ಹಾಸಿಗೆ, ಎರಡು ಶೌಚಾಲಯ, ಬೆಳಗಿನ ಐದಕ್ಕೆ ಅದರ ಮುಂದೆ ಸಾಲು. ಅದೂ ಊರವರದೇ ಹಜಾರ, ಅವರ ಪಾಲು ಮಾತ್ರ ಕಿರಿದು. ನಾಲ್ಕು ಮಂದಿ ಸೇರಿದ ತಂಡವೊಂದು ಅದೇ ಊರಿನ ಅದೇ ಮನೆಗೆ ನೇರವಾಗಿ ಹೋದರೆ ಹೆಚ್ಚುಕಡಿಮೆ ಅಷ್ಟೇ ಖರ್ಚಿನಲ್ಲಿ ಒಂದು ಕೋಣೆ ತಮ್ಮದಾಗುತ್ತದೆ, ಮನೆಯವರಿಗೂ ಪೂರ್ತಿ ಹಣ ಮುಟ್ಟುತ್ತದೆ. ನನ್ನ ವಾದ ಒಂಟಿಗರಿಗಿಂತ ಮೂರು ನಾಲ್ಕು ಮಂದಿಯ ತಂಡಗಳಿಗೆ ಹೆಚ್ಚು ಅನ್ವಯಿಸುತ್ತದೆ, ಅದನ್ನು ಮುಚ್ಚಿಡಬೇಕಿಲ್ಲ.

ಭಕ್ತರ ದುಡ್ಡಿನಲ್ಲಿ ಕಟ್ಟಿದ ಛತ್ರದಲ್ಲಿ ಬೆಟ್ಟ ಹತ್ತುವವರು ಮಲಗುವುದು ಪುಕ್ಕಟೆ ಸವಾರಿಯಲ್ಲವೇ ಎಂದೂ ಕೇಳಬಹುದು. ಅದು ನಡತೆಯನ್ನು ಅವಲಂಬಿಸಿದೆ. ಯಾತ್ರಿಕರ ಜಂಗುಳಿಯಿರುವ ದಿನ ಕೋಣೆ ಹಿಡಿದು ಕೂರುವುದು, ರಾತ್ರಿ ಹನ್ನೊಂದಕ್ಕೆ ಸ್ಪೀಕರ್ ಹಚ್ಚುವುದು, ಕೆಸರು ಬೂಟಿನಲ್ಲಿ ಅನ್ನದಾನದ ಪಂಕ್ತಿಗೆ ನುಗ್ಗುವುದು, ಬಾಟಲಿ ತರುವುದು ಇವೆಲ್ಲ ಖಂಡಿತ ಅಪರಾಧ, ಇಂಥವರಿಂದಲೇ ಚಾರಣಿಗರೆಂದರೆ ಕೆಲವೆಡೆ ಬಾಗಿಲು ಹಾಕುತ್ತಾರೆ. ಸಾಮಾನ್ಯ ದಿನದಲ್ಲಿ ಖಾಲಿ ಉಳಿಯುವ ಕೋಣೆಯಲ್ಲಿ ನಿಯಮ ಪಾಲಿಸಿ ಮಲಗಿ, ಊಟಕ್ಕೆ ತಕ್ಕ ಕಾಣಿಕೆಯನ್ನು ಹುಂಡಿಗೆ ಹಾಕಿ ಹೊರಡುವವರಿಂದ ಯಾವ ಭಕ್ತರಿಗೂ ನಷ್ಟವಿಲ್ಲ. ಛತ್ರ ಹುಟ್ಟಿದ್ದೇ ನಡೆದು ಬಂದವರಿಗಾಗಿ. ಬಸ್ಸು ಕಾರು ಬರುವ ಮೊದಲು ಘಟ್ಟ ಹತ್ತಿ ಇಳಿದು ಕ್ಷೇತ್ರಕ್ಕೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಕಾಲ್ನಡಿಗೆಯವರೇ.

ಇಷ್ಟೆಲ್ಲ ತಿಳಿದರೂ ಕೆಲಸದ ಕ್ರಮ ತಪ್ಪಿದರೆ ಹಣ ಪೋಲಾಗುತ್ತದೆ. 2024ರ ಗಣರಾಜ್ಯೋತ್ಸವದ ವಾರಾಂತ್ಯ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಮ್ಮೆಲೇ ನುಗ್ಗಿ ಹಾದಿಯೇ ಸಂತೆಯಾದ ಮೇಲೆ ಸರ್ಕಾರ ಚಾರಣಗಳಿಗೆ ತಡೆಯೊಡ್ಡಿ, ಅದೇ ವರ್ಷ ಅರಣ್ಯ ವಿಹಾರ ಎಂಬ ಜಾಲತಾಣದ ಮೂಲಕ ಆನ್‌ಲೈನ್ ಬುಕಿಂಗ್ ತಂದಿತು. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಈಗಿದೆ. ಆದ್ದರಿಂದ ಮೊದಲು ಪರವಾನಗಿ, ಅದರ ತಾರೀಖು ಕೈಗೆ ಬಂದ ಮೇಲೆಯೇ ವಸತಿ. ಮುಂಗಡ ಕೊಟ್ಟು ಕೋಣೆ ಹಿಡಿದು ಆಮೇಲೆ ಪರವಾನಗಿ ಸಿಗದೆ ಪೇಚಾಡುವವರು ಪ್ರತಿ ಹಂಗಾಮಿನಲ್ಲೂ ಇದ್ದಾರೆ. ಮಳೆಗೆ, ಬೆಂಕಿಗೆ ದಾರಿ ಇದ್ದಕ್ಕಿದ್ದಂತೆ ಮುಚ್ಚಿದರೆ ಮುಂಗಡ ಮರಳುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು. ಮನೆಯವರು ಸಾಮಾನ್ಯವಾಗಿ ಇನ್ನೊಂದು ದಿನಕ್ಕೆ ಬನ್ನಿ ಎನ್ನುತ್ತಾರೆ. ವಸತಿ ಬುಕಿಂಗ್ ಜಾಲತಾಣದ ಕರಾರು ಹಾಗೆ ಮಾತನಾಡುವುದಿಲ್ಲ.

ಸರ್ಕಾರ ಹೊಸ ಕಟ್ಟಡ ಎಬ್ಬಿಸದೆಯೇ ಮಾಡಬಹುದಾದ ಕೆಲಸ ಎರಡಿವೆ. ಪರವಾನಗಿ ಮಾರುವ ಆ ಜಾಲತಾಣದಲ್ಲೇ ಪ್ರತಿ ಚಾರಣದ ಹೆಸರಿನ ಕೆಳಗೆ ಬುಡದ ಹಳ್ಳಿಯ ನೋಂದಾಯಿತ ಮನೆಗಳ ಪಟ್ಟಿಯನ್ನು ಮನೆಯವರ ಒಪ್ಪಿಗೆ ಪಡೆದು, ದರ ಸಮೇತ ಹಾಕಬೇಕು. ಬುಕ್ ಮಾಡುವವರೂ ಮಲಗಲು ಜಾಗ ಹುಡುಕುವವರೂ ಒಂದೇ ಜನ, ಎರಡು ಪುಟ ಏಕೆ? ಇನ್ನೊಂದು, ಮಕ್ಕಳಿಲ್ಲದೆ ಬೀಗ ಬಿದ್ದಿರುವ ಮಲೆನಾಡಿನ ಸರ್ಕಾರಿ ಶಾಲೆಗಳದು. ಹೆಂಚಿನ ಮಾಡು, ಬಾವಿ, ಅಂಗಳ ಎಲ್ಲ ಇದ್ದೂ ಅವು ಗೆದ್ದಲು ಹಿಡಿಯುತ್ತಿವೆ. ಊರಿನಲ್ಲಿ ಮತ್ತೆ ಮಕ್ಕಳಾದರೆ ಶಾಲೆ ಶಾಲೆಯಾಗಿಯೇ ತೆರೆಯಬೇಕೆಂಬ ಷರತ್ತಿನ ಮೇಲೆ, ಅಕ್ಟೋಬರ್‌ನಿಂದ ಜನವರಿಯವರೆಗೆ ಅವನ್ನು ಗ್ರಾಮ ಪಂಚಾಯಿತಿಗಳು ಸ್ತ್ರೀಶಕ್ತಿ ಸಂಘಗಳಿಗೆ ವಹಿಸಲಿ. ಇಪ್ಪತ್ತು ಚಾಪೆ, ಎರಡು ಹಂಡೆ, ಒಂದು ಅಡುಗೆಮನೆ ಸಾಕು. ಸಂಸೆ, ಬೀದಳ್ಳಿ, ಕಿಗ್ಗ, ಕೊಡಚಾದ್ರಿ ಬದಿಯ ನಿಟ್ಟೂರುಗಳ ಸುತ್ತಿನ ಪಂಚಾಯಿತಿಗಳು ಇದನ್ನು ಮುಂದಿನ ಹಂಗಾಮಿಗೇ ಪರೀಕ್ಷಿಸಿ ನೋಡಬೇಕು.